ಅಂಬಣ್ಣ ಕೂಡಿಸಿದ ಹಲ್ಲುಗಾಲಿ

ನಸುಕಿನಲ್ಲಿ ಮುರುಮ ಊರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಇನ್ನೂ ಸಾಲುಗಟ್ಟಿಲ್ಲ. ಬೇವಿನ ಮರದ ಕೆಳಗೆ ಒಂದು ಜೀಪು ಹಿಂದಿನ ಗಾಲಿಗಳನ್ನು ಕಳಚಿಕೊಂಡು ಕಲ್ಲುಗಳ ಮೇಲೆ ಕೂತಿದೆ. ಅದರ ಬುಡದಿಂದ ಹೊರಗೆ ಚಾಚಿರುವ ಎರಡು ಕಾಲು ಅಂಬಣ್ಣ ಮಿಸ್ತ್ರಿಯವು. ಊರವರು ಅವನನ್ನು ಗುರುತಿಸುವುದು ಹೆಚ್ಚಾಗಿ ಕಾಲಿನಿಂದಲೇ. ಮುಖ ಹಗಲೆಲ್ಲ ಯಾವುದಾದರೊಂದು ಗಾಡಿಯ ಕೆಳಗಿರುತ್ತದೆ. ಈ ವಾರ ಅದು ಅವನಿಗೂ ಅನುಕೂಲವೇ ಆಗಿದೆ.

ಅಂಬಣ್ಣನದು ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ಕುರಿಯ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಮಗ ಗೇರಿನ ಹಲ್ಲು ತಡವಿ ಗಾಡಿಯ ಹಣೆಬರಹ ಹೇಳುತ್ತಾನೆ. ನಿಲಂಗಾ, ಉದಗೀರದಿಂದಲೂ ಗಾಡಿಗಳು ಬರುತ್ತವೆ. ರಿಪೇರಿಯಾದ ಗಾಡಿಗೆ ಇಲ್ಲೊಂದು ಪರೀಕ್ಷೆಯಿದೆ: ತುಂಬ ಜನರನ್ನು ಹೊತ್ತು ಬೀರಪ್ಪನ ಗುಡಿಯ ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಬೇಕು. ಹತ್ತಿದರೆ ಅರಿಸಿನದ ಭಂಡಾರ ಹಾರುತ್ತದೆ. ಫಸ್ಟಿಗೆ ಇಳಿದರೆ ಮಿಸ್ತ್ರಿಯ ಮಾನವೂ ಜೊತೆಗೇ ಇಳಿಯುತ್ತದೆ.

ಕಲ್ಲುಗಳ ಮೇಲೆ ಕೂತ ಜೀಪು ದಾಳಿಂಬ ಊರಿನ ಮನಿಷಾಳದು; ಅದರಲ್ಲಿ ಅವಳು ಬೆಳಿಗ್ಗೆ ಉಮರ್ಗಾಕ್ಕೆ ಜನ ಒಯ್ಯುತ್ತಾಳೆ. ಕಳೆದ ತಿಂಗಳು ಅದರ ಹಿಂದಿನ ಅಚ್ಚಿನ ಹಲ್ಲುಗಾಲಿ ಸವೆದು ಹೋದಾಗ ಅಂಬಣ್ಣ ಬೇರೆ ಜೋಡಿ ಕೂಡಿಸಿದ. ಅದನ್ನು ಆರಿಸುವಾಗ ಅವನ ಕಣ್ಣ ಮುಂದಿದ್ದದ್ದು ಗುಡಿಯ ಏರು. ಇಂಜಿನ್ ಹೆಚ್ಚು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ಹಾಕುವಂಥ ಜೋಡಿ ಅದು. ನಿಂತಲ್ಲಿಂದ ಜೀಪು ಜಿಗಿದು ಹೊರಟಿತು, ಏರು ಹತ್ತಿತು, ಭಂಡಾರ ಹಾರಿತು. ಮನಿಷಾಳ ದಾರಿ ಮಾತ್ರ ದಿನವೂ ಸಪಾಟು ಹೆದ್ದಾರಿ. ಹಿಂದಿನ ಅಚ್ಚಿಗೆ ಹಾಕಿದ ಹಲ್ಲು ಎಲ್ಲ ಗೇರಿಗೂ ತಗಲುತ್ತದೆ. ಫೋರ್ತಿನಲ್ಲೂ ಇಂಜಿನ್ ಥರ್ಡಿನಂತೆ ಅರಚುತ್ತದೆ, ವೇಗ ಬರುವುದಿಲ್ಲ.

“ಸೆಕೆಂಡಿನ ಸಲುವಾಗಿ ಫೋರ್ತ್ ಕೊಂದೀನ್ರಿ,” ಎನ್ನುತ್ತಾನೆ ಅಂಬಣ್ಣ, ಜೀಪಿನ ಕೆಳಗಿಂದಲೇ.

ಕೊಂದದ್ದು ಅಷ್ಟೇ ಆಗಿದ್ದರೆ ನಿದ್ದೆ ಬರುತ್ತಿತ್ತು. ಜೀಪಿನ ವೇಗದ ಮೀಟರಿಗೆ ಲೆಕ್ಕ ಹೋಗುವುದು ಗೇರ್‌ಬಾಕ್ಸಿನಿಂದ. ಹಿಂದೆ ಹಲ್ಲು ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಮುಳ್ಳು ಅರವತ್ತು ತೋರಿಸುವಾಗ ಜೀಪು ಐವತ್ತೂ ಓಡುತ್ತಿರಲಿಲ್ಲ. ಉಮರ್ಗಾದಲ್ಲಿ ಸೋಲಾಪುರದ ಬಸ್ಸು ತಪ್ಪಿದವರು ರೇಗಿದರು. ಅರವತ್ತರಲ್ಲೇ ಬಂದೆನೆಂದು ಮನಿಷಾ ಆಣೆ ಮಾಡಿದಳು. ದಾಳಿಂಬದ ಸ್ಟ್ಯಾಂಡಿನಲ್ಲಿ ಇನ್ನೊಂದು ಜೀಪಿನ ರಾಚಯ್ಯ ಅದಕ್ಕೆ ಒಗ್ಗರಣೆ ಹಾಕಿದ: “ಸುಳ್ಳಾದ್ರೂ ಸಾವಕಾಶ ಹೇಳವ್ವ. ನಿನ್ನ ಗಾಡಿಗಿಂತ ಅದೇ ಜೋರ ಓಡ್ಲಕತ್ತದ.”

ಸ್ಟ್ಯಾಂಡೆಲ್ಲ ನಕ್ಕಿತು. ಹೆಂಗಸಿನ ಕೈಯ ಗಾಡಿ ಇಷ್ಟೇ ಎಂದು ಜನ ರಾಚಯ್ಯನ ಜೀಪು ಹತ್ತಿದರು. ಅಂಬಣ್ಣ ಅಲ್ಲೇ ಚಹಾ ಕುಡಿಯುತ್ತಿದ್ದ. ಮುಳ್ಳಿನ ವಿಷಯ ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು. ಹೊಳೆದೂ ಅವನು ಎಲ್ಲರ ಜೊತೆ ನಕ್ಕ.

ನಿನ್ನೆ ಅವನೇ ಅವಳ ಮನೆಗೆ ಹೋಗಿ ಎಲ್ಲ ಹೇಳಿದ. ಮನಿಷಾ ಜೀಪು ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು.

“ನಗೋ ಹೊತ್ತಿನ್ಯಾಗ ನಿಮಗ ಗೊತ್ತಿತ್ತೇನ್ರಿ ಕಾಕಾ?”

“ಗೊತ್ತಿತ್ತವ್ವ.”

“ಹಂಗಾರ ಹಲ್ಲ ನಿಮ್ಮ ಗ್ಯಾರೇಜಿನ್ಯಾಗ ಬದಲ ಮಾಡ್ರಿ. ಮಾತ ಸ್ಟ್ಯಾಂಡಿಗಿ ಬಂದು ಹೇಳ್ರಿ.”

ಹೊತ್ತು ಮೂಡುವಷ್ಟರಲ್ಲಿ ಹೆದ್ದಾರಿಗೆ ಒಪ್ಪುವ ಜೋಡಿ ಒಳಗೆ ಕೂತಿದೆ. ಮನಿಷಾ ಓಡಿಸುವ ಜೀಪು ದಾಳಿಂಬದ ಸ್ಟ್ಯಾಂಡ್ ಮುಟ್ಟುತ್ತದೆ. ಅಂಬಣ್ಣ ಇಳಿಯುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ.

“ಆಕಿ ಖರೇನೇ ಹೇಳ್ತಿದ್ಳು. ಮುಳ್ಳ ಸುಳ್ಳ ಹೇಳ್ತಿತ್ತು, ತಪ್ಪ ಹಲ್ಲ ಹಾಕಿದಾಂವ ನಾ. ನೀವು ತಿಳೀದ ನಕ್ಕೀರಿ. ನಾ ತಿಳದು ನಕ್ಕೀನಿ.”

ಯಾರೂ ನಗುವುದಿಲ್ಲ. ರಾಚಯ್ಯನಿಗೆ ತನ್ನ ಜೀಪಿನ ಕನ್ನಡಿ ಒರೆಸುವ ಕೆಲಸ ನೆನಪಾಗುತ್ತದೆ. ಅವನ ಜೀಪಿನಲ್ಲಿ ಕೂತಿದ್ದ ಮುದುಕಿ ಸರುಬಾಯಿ ಗಂಟು ಹಿಡಿದು ಇಳಿದು, ಮನಿಷಾಳ ಪಕ್ಕಕ್ಕೆ ಬಂದು ಕೂರುತ್ತಾಳೆ. ಸೋಲಾಪುರದ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಕೇಳುತ್ತಾಳೆ.

“ನನಗೇನ ಕೇಳ್ತಿ, ಆಯಿ? ಮಿಸ್ತ್ರಿ ಕಾಕಾಗ ಕೇಳು,” ಎನ್ನುತ್ತಾಳೆ ಮನಿಷಾ.

ಅಂಬಣ್ಣ ತಲೆ ಎತ್ತುವುದಿಲ್ಲ.

“ಸಿಗ್ತದ,” ಎನ್ನುತ್ತಾನೆ.