ಬೆಟ್ಟಸ್ವಾಮಿಯವರ ಕಾರು ಏಳದ ಬೆಳಿಗ್ಗೆ

ಬೇರೆ ಬ್ಯಾಟರಿ ಜೋಡಿಸಿ, ಹಿಂದಿನ ಸೀಟನ್ನು ಕಿತ್ತು ಪಕ್ಕಕ್ಕಿಟ್ಟು, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಹಚ್ಚಿ ರಂಗನಾಥ ಕಾರಿನೊಳಗೆ ಬೋರಲು ಬಿದ್ದಿದ್ದ.

"ಈಗ ಕೀ ಹಾಕವ್ವ. ಸ್ಟಾರ್ಟ್ ಮಾಡ್ಬ್ಯಾಡ, ಬರೀ ಆನ್ ಮಾಡು."

ಗಾನವಿ ಕಿಟಕಿಯಿಂದ ಕೈ ತೂರಿಸಿ ಕೀ ತಿರುಗಿಸಿದಳು. ಡ್ರೈವರ್ ಸೀಟಿನಲ್ಲಿ ಕೂರಲು ಅವಳು ಒಪ್ಪಿರಲಿಲ್ಲ. ಟ್ಯಾಂಕಿನೊಳಗಿನ ಪಂಪ್ ಎರಡು ಸೆಕೆಂಡು ಗುಂಯ್ ಎಂದು ನಿಂತಿತು. ಕರೆಂಟ್ ಬರುತ್ತಿದೆ, ಪಂಪ್ ತಿರುಗುತ್ತಿದೆ. ರೋಗ ಏನೆಂದು ರಂಗನಾಥನಿಗೆ ಆಗಲೇ ಗೊತ್ತಿತ್ತು. ಆದರೂ ಈ ಕಾರನ್ನು ಮೊದಲ ಸಲ ಕಾಣುವವನ ಹಾಗೆ ನೋಡಬೇಕೆಂದುಕೊಂಡಿದ್ದ.

ಇಪ್ಪತ್ತು ವರ್ಷದ ಈ ಬಿಳಿ ಕಾರು ಕೊಬ್ಬರಿ ವ್ಯಾಪಾರಿ ಬೆಟ್ಟಸ್ವಾಮಿಯವರದು. ಅವರು ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಬೆಳಗಿನ ಆರು ಗಂಟೆಗೆ ಅವರು ಎದೆ ಹಿಡಿದುಕೊಂಡು ಕುಸಿದಾಗ ಮಗಳು ಗಾನವಿ ಹಿಂದಿನ ಸೀಟಿನಲ್ಲಿ ಮಲಗಿಸಿ ಕಾರು ಸ್ಟಾರ್ಟ್ ಮಾಡಲು ಹೋದಳು. ಆಗಲಿಲ್ಲ. ಬ್ಯಾಟರಿ ಸಾಯುವವರೆಗೂ ತಿರುಗಿಸಿದಳು. ಪಕ್ಕದ ತೋಟದವರ ಗೂಡ್ಸ್ ಆಟೊ ಬರುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ತುರುವೇಕೆರೆಯ ಆಸ್ಪತ್ರೆ ಇನ್ನೂ ದೂರವಿರುವಾಗಲೇ ಉಸಿರು ನಿಂತಿತು.

ಕಾರಿಗೆ ಹಗ್ಗ ಕಟ್ಟಿ ಮಾಯಸಂದ್ರಕ್ಕೆ ಎಳೆದು ತಂದವನು ಟ್ರ್ಯಾಕ್ಟರಿನ ಸಣ್ಣತಿಮ್ಮಯ್ಯ. ಹಗ್ಗ ಬಿಚ್ಚುತ್ತಲೇ ಅವನ ಬಾಯಿ ಶುರುವಾಗಿತ್ತು.

"ಲೇ ರಂಗ, ಗಾಡಿಗೇನೂ ಆಗಿಲ್ಲ ಕಣ್ಲಾ. ಬೆಟ್ಟಸ್ವಾಮಣ್ಣ ಮುಟ್ಟಿದ್ರೆ ಸಾಕು, ಎದ್ದು ಕೂರೋದು. ಹೆಣ್ಮಕ್ಳು ಗಾಬರೀಲಿ ಪೆಡಲ್ ತುಳಿದೂ ತುಳಿದೂ ಪೆಟ್ರೋಲ್ ಕುಡಿಸಿಬುಟ್ಟವೆ, ಅಷ್ಟೇಯ."

"ನಿನ್ನ ಟ್ರ್ಯಾಕ್ಟರ್‌ನ ದಿನಾ ಇಳಿಜಾರಲ್ಲಿ ನಿಲ್ಸಿ ತಳ್ಳಿಸ್ಕೋತೀಯಲ್ಲ, ಅದಕ್ಯಾರು ಕುಡಿಸಿದ್ರೋ? ಹಗ್ಗ ಸುತ್ಕೊಂಡು ನಡೀಲಾ."

ಸಣ್ಣತಿಮ್ಮಯ್ಯ ನಕ್ಕು ಹೊರಟುಹೋದ. ಗಾನವಿ ನಗಲಿಲ್ಲ. ಊರಿನವರೂ ಇದನ್ನೇ ಹೇಳುತ್ತಿದ್ದರು, ಸ್ವಲ್ಪ ಮೆತ್ತಗೆ.

ರಂಗನಾಥನಿಗೆ ಐವತ್ತೆರಡು. ತಿಪಟೂರಿನ ಲಾರಿ ಗ್ಯಾರೇಜಿನಲ್ಲಿ ಹತ್ತು ವರ್ಷ ಕೆಲಸ ಕಲಿತು, ಮಾಯಸಂದ್ರದ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ತಗಡಿನ ಶೆಡ್ ಹಾಕಿದವನು. ಹೋಬಳಿಯಲ್ಲಿ ಅವನಿಗೆ ಹೆಸರು ಬಂದದ್ದು ರಿಪೇರಿಗಿಂತ ಹೆಚ್ಚಾಗಿ ಉಪಾಯಕ್ಕೆ. ಇಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗಬೇಕು. ಮಾಡಿಗೆ ಹೊಸ ಹೆಂಚು, ಮುದುಕರಿಗೆ ಹಲ್ಲಿನ ಸೆಟ್ಟು, ಎಲ್ಲವೂ ಅಟ್ಟದ ಕಾಯಿ ಇಳಿಯುವವರೆಗೆ ಕಾಯುತ್ತವೆ. ಕಾರಿನ ರೋಗವೂ ಕಾಯಬೇಕು. ಅಲ್ಲಿಯವರೆಗೆ ಓಡಿಸಲು ರಂಗನಾಥ ಒಂದೊಂದು ಕಾರಿಗೆ ಒಂದೊಂದು ದಾರಿ ಹೇಳಿಕೊಡುತ್ತಿದ್ದ. ಒಬ್ಬರಿಗೆ ಪೆಡಲ್ ಅರ್ಧ ಒತ್ತಿ ಹಿಡಿಯಿರಿ ಎಂದು, ಇನ್ನೊಬ್ಬರಿಗೆ ಟ್ಯಾಂಕು ಕಾಲು ಭಾಗಕ್ಕಿಂತ ಇಳಿಯಲು ಬಿಡಬೇಡಿ ಎಂದು. ಜನ ಮೆಚ್ಚಿದ್ದೇ ಇದನ್ನು.

ದೀಪಾವಳಿಯ ಹೊತ್ತಿಗೆ ಬೆಟ್ಟಸ್ವಾಮಿ ಬಂದಿದ್ದರು. ಬೆಳಿಗ್ಗೆ ಮಾತ್ರ ಕಾರು ಬೇಗ ಏಳುವುದಿಲ್ಲ, ಒಮ್ಮೆ ಎದ್ದರೆ ದಿನವೆಲ್ಲ ತೊಂದರೆಯಿಲ್ಲ ಎಂದರು. ಪಂಪಿನ ಬಾಯಲ್ಲಿ ಪೆಟ್ರೋಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಪುಟ್ಟ ವಾಲ್ವ್ ಸವೆದಿತ್ತು. ರಾತ್ರಿಯೆಲ್ಲ ಕಾರು ನಿಂತಾಗ ಪೈಪಿನ ಪೆಟ್ರೋಲೆಲ್ಲ ಟ್ಯಾಂಕಿಗೆ ಮರಳುತ್ತಿತ್ತು. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಬಲವೆಲ್ಲ ಎಂಜಿನ್ ತಿರುಗಿಸುವುದಕ್ಕೇ ಹೋಗಿ, ಖಾಲಿ ಪೈಪ್ ತುಂಬಲು ಪಂಪಿಗೆ ಶಕ್ತಿ ಸಾಲುತ್ತಿರಲಿಲ್ಲ.

"ಪಂಪ್ ಬದಲಾಯಿಸ್ಬೇಕು ಯಜಮಾನ್ರೇ."

"ಕಾಯಿ ಇಳಿಸಿದ ಮೇಲೆ ಹಾಕಿಸ್ತೀನಿ ಬುಡು. ಸದ್ಯಕ್ಕೇನಾದ್ರೂ ದಾರಿ ಹೇಳು."

ರಂಗನಾಥ ಹೇಳಿದ್ದ. ಕೀ ಮೂರು ಸಲ ಆನ್ ಮಾಡಿ ಆಫ್ ಮಾಡಿ. ಪ್ರತಿ ಸಲ ಗುಂಯ್ ಅನ್ನೋದು ನಿಲ್ಲೋವರೆಗೂ ಕಾಯಿರಿ. ಪೈಪ್ ತುಂಬಿರುತ್ತೆ, ನಾಲ್ಕನೇ ಸಲ ಸ್ಟಾರ್ಟ್ ಮಾಡಿ. ಮನೆಯವರಿಗೂ ಹೇಳಿಕೊಡಿ ಎನ್ನಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಈಗ ರಂಗನಾಥ ತಾನೇ ಕೂತು ಹತ್ತು ಸೆಕೆಂಡು ತಿರುಗಿಸಿದ. ಏಳಲಿಲ್ಲ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆರಳಿನಿಂದ ಸವರಿದ. ಪೆಟ್ರೋಲ್ ಕುಡಿದ ಎಂಜಿನ್ನಿನ ಪ್ಲಗ್ ಒದ್ದೆಯಾಗಿರುತ್ತದೆ, ಇದು ಒಣಗಿತ್ತು. ಪೆಟ್ರೋಲ್ ಪೈಪಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿದ. ಕೀ ಆನ್ ಮಾಡಿದಾಗ ಮುಳ್ಳು ಏರಿತು, ಪಂಪ್ ನಿಂತ ಮೇಲೆ ನಿಧಾನವಾಗಿ ಸೊನ್ನೆಗೆ ಇಳಿಯಿತು. ಇನ್ನೊಮ್ಮೆ ಆನ್ ಮಾಡಿಸಿ, ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಕ್ಲ್ಯಾಂಪಿನಲ್ಲಿ ಅದುಮಿ ಹಿಡಿದ. ಮುಳ್ಳು ಏರಿದಲ್ಲೇ ನಿಂತಿತು. ಪೆಟ್ರೋಲ್ ಹಿಂದಕ್ಕೆ ಇಳಿಯುತ್ತಿದ್ದದ್ದು ಅದೇ ಸವೆದ ವಾಲ್ವಿನಿಂದ, ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

"ರಂಗಣ್ಣ, ನಿಜ ಹೇಳಿ," ಎಂದಳು ಗಾನವಿ. "ನಾನು ಕೆಡಿಸಿದ್ನಾ?"

ಅವನು ಬಾಯಿ ತೆರೆಯುವ ಮೊದಲೇ ಮರದ ಕೆಳಗಿನ ಕಲ್ಲುಚಪ್ಪಡಿಯಿಂದ ಅವಳ ತಾಯಿ ಕಲ್ಲಮ್ಮ ಮಾತಾಡಿದರು.

"ದಿನಾ ಇದೇ ರಾಗ ಕಣಪ್ಪ ಇವಳ್ದು. ಹೋಗೋ ಹೊತ್ತು ಬಂದಿತ್ತು, ಅವರಿಗೂ ಗೊತ್ತಾಗಿತ್ತು. ಮಾತು ನಿಂತೋಗಿತ್ತು. ಹಿಂದಿನ ಸೀಟಲ್ಲಿ ಮಲಗ್ದೋರು ಮೂರು ಬೆರಳು ಎತ್ತಿ ಎತ್ತಿ ತೋರ್ಸಿದ್ರು. ಈಬತ್ತಿ ಕೇಳ್ತಾವ್ರೆ ಅಂತ ನಾನೇ ದೇವರ ಕ್ವಾಣೆಗೆ ಓಡಿ ತಂದು ಹಣೆ ಮೇಲೆ ಮೂರೆಳೆ ಎಳೆದೆ. ಕೇಳಿ ಹಚ್ಚಿಸ್ಕೊಂಡು ಹೋದ್ರಲ್ಲ, ಅದೊಂದೇ ನಂಗೆ ಸಮಾಧಾನ."

ರಂಗನಾಥ ಗೇಜಿನ ಮುಳ್ಳನ್ನೇ ನೋಡುತ್ತ ನಿಂತ. "ಅಕ್ಕಾ, ಇನ್ನೂ ಹೊತ್ತಾಗುತ್ತೆ. ಎದುರುಗಡೆ ಹೋಟ್ಲಲ್ಲಿ ಒಂದು ಟೀ ಕುಡ್ಕೊಂಡು ಬನ್ನಿ," ಎಂದ.

ಕಲ್ಲಮ್ಮ ರಸ್ತೆ ದಾಟಿದ ಮೇಲೆ ಅವನು ಕ್ಲ್ಯಾಂಪ್ ತೆಗೆದು, ಗೇಜ್ ಬಿಚ್ಚಿ, ಪ್ಲಗ್ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತ. ಕೀ ಆನ್ ಮಾಡಿದ, ಕಾದ, ಆಫ್ ಮಾಡಿದ. ಹಾಗೆ ಮೂರು ಸಲ. ನಾಲ್ಕನೇ ಸಲಕ್ಕೆ ಎಂಜಿನ್ ಥಟ್ಟನೆ ಎದ್ದಿತು.

"ನೀನು ಕೆಡಿಸ್ಲಿಲ್ಲ ಕಣವ್ವ. ಇದು ಗೊತ್ತಿಲ್ಲದಿದ್ರೆ ಯಾರ ಕೈಗೂ ಏಳ್ತಿರ್ಲಿಲ್ಲ. ಹೇಳ್ಕೊಟ್ಟೋನು ನಾನು. ನಿಮ್ಮಪ್ಪಂಗೆ ಮಾತ್ರ ಹೇಳಿದ್ದೆ. ತಪ್ಪು ನಂದು."

ಗಾನವಿ ಎಂಜಿನ್ನಿನ ಸದ್ದು ಕೇಳುತ್ತ ನಿಂತಿದ್ದಳು.

"ಬೆಳಿಗ್ಗೆ ಯಾವಾಗ್ಲೂ ಅಪ್ಪಾನೇ ಸ್ಟಾರ್ಟ್ ಮಾಡಿ ನನ್ನ ಕೈಗೆ ಕೊಡೋರು. ಮೂರು ಸಲ ಕೀ ತಿರುಗ್ಸೋರು, ಒಂದೊಂದು ಸಲಾನೂ ಶಿವಾ ಅನ್ನೋರು. ದೇವರಿಗೆ ಅಂದ್ಕೊಂಡಿದ್ದೆ ನಾನು..."

ಅವಳು ತನ್ನ ಕೈ ನೋಡಿಕೊಂಡಳು, ಆಮೇಲೆ ರಸ್ತೆಯಾಚೆ ನೋಡಿದಳು. ಕಲ್ಲಮ್ಮ ಬೆಂಚಿನ ತುದಿಯಲ್ಲಿ ಕೂತು ಟೀ ಆರಿಸುತ್ತಿದ್ದರು.

"ಆ ಮೂರು ಬೆರಳು... ವಿಭೂತಿಗಲ್ಲ," ಎಂದಳು.

ರಂಗನಾಥ ತಲೆಯಾಡಿಸಿದ. ಎಂಜಿನ್ ಆಫ್ ಮಾಡಿದ.

"ಅಮ್ಮಂಗೆ ಹೇಳ್ಬೇಡಿ ರಂಗಣ್ಣ."

"ಪಂಪ್ ಕೆಟ್ಟಿತ್ತು ಅಂತೀನಿ. ಅಷ್ಟು ಹೇಳ್ಲೇಬೇಕು. ಊರೋರು ನಿನ್ನನ್ನ ಅನ್ನೋದು ನಿಲ್ಬೇಕಲ್ಲವ್ವ."

ಕಲ್ಲಮ್ಮ ಬಂದಾಗ ಅವನು ಅಷ್ಟನ್ನೇ ಹೇಳಿದ. ಅವರು ಹುಬ್ಬು ಗಂಟಿಕ್ಕಿದರು.

"ಪಂಪಾ? ಹಿಂದಿನ ದಿನ ಬೆಳಿಗ್ಗೆ ತಿಪಟೂರಿಗೆ ಹೋಗಿ ಬಂದಿದ್ರಲ್ಲಪ್ಪ. ಅವರಿಗೆ ಹೆಂಗೆ ಸ್ಟಾರ್ಟ್ ಆಯ್ತು ಮತ್ತೆ?"

ಮೂರು ಸಲ ಕೀ ತಿರುಗಿಸುವ ಮಾತನ್ನು ರಂಗನಾಥ ಹೇಳುವಂತಿರಲಿಲ್ಲ.

"ಪಂಪ್ ಸ್ವಲ್ಪ ಹಳೇದು, ಅಷ್ಟೇ ಕಣಮ್ಮ," ಎಂದಳು ಗಾನವಿ. "ಗಾಬರೀಲಿ ನಾನೇ ಸರಿಯಾಗಿ ಸ್ಟಾರ್ಟ್ ಮಾಡ್ಲಿಲ್ಲ."

"ಆಗ್ಲಿ ಬುಡು ಮಗಾ," ಎಂದು ಕಲ್ಲಮ್ಮ ಅವಳ ಬೆನ್ನು ಸವರಿದರು. "ನಿನ್ನ ಕೈಲೇನಿತ್ತು."

ಇಬ್ಬರೂ ಬಸ್ಸಿಗೆ ನಡೆದರು. ರಂಗನಾಥ ಹಿಂದಿನ ಸೀಟನ್ನು ಶೆಡ್ಡಿನೊಳಗೆ ಒಯ್ದು, ಧೂಳು ಕೂರದಂತೆ ಗೋಣಿಚೀಲ ಹೊದಿಸಿಟ್ಟ.

ಹೊಸ ಪಂಪ್ ತುಮಕೂರಿನಿಂದ ಗುರುವಾರದ ಬಸ್ಸಿಗೆ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಗಾನವಿ ಒಬ್ಬಳೇ ಬಂದು ಕಾರನ್ನು ಓಡಿಸಿಕೊಂಡು ಹೋಗುತ್ತಾಳೆ.