ಮೊದಲು ಓಗೊಟ್ಟವನ ಗಾಡಿ

ಬೈಲಹೊಂಗಲದ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಯಂತ್ರಗಳಿಗೆ ಹಾರ್ಡ್‌ಡಿಸ್ಕ್ ಇರಲಿಲ್ಲ. ಬಟನ್ ಒತ್ತಿದರೆ ಅವು ತಂತಿಯ ತುಂಬ ಕೂಗುತ್ತಿದ್ದವು: ನನಗೊಂದು ವಿಳಾಸ ಕೊಡಿ, ಯಾವ ಫೈಲಿನಿಂದ ಏಳಬೇಕು ಹೇಳಿ. ಆ ಕೂಗಿಗೆ ಓಗೊಡುವ ಡಿಎಚ್‌ಸಿಪಿ ಸರ್ವರನ್ನು ಹೊಂದಿಸಿದವನು ನಾನು. ಆಮೇಲೆ ವಾರಗಟ್ಟಲೆ ಎಂಜಿನಿಯರನ ಗತ್ತಿನಲ್ಲಿ ಓಡಾಡಿದವನೂ ನಾನೇ.

ಒಂದು ಮುಂಜಾನೆ ಅರ್ಧ ಯಂತ್ರಗಳು ಏಳಲೇ ಇಲ್ಲ. ವಿಳಾಸ ಸಿಕ್ಕಿದೆ, ಫೈಲಿನ ಹೆಸರು ಸಿಕ್ಕಿಲ್ಲ ಎಂದು ಕಪ್ಪು ಪರದೆ ತೋರಿಸಿ ಹಟ ಹಿಡಿದವು. ಮರುದಿನ ಕಿತ್ತೂರು, ಸವದತ್ತಿಯ ಹುಡುಗರಿಗೆ ಪರೀಕ್ಷೆ. ಮಾಲೀಕರು ಯಂತ್ರ ನೋಡಲಿಲ್ಲ, ನನ್ನನ್ನು ನೋಡಿದರು. ಹಿಂದಿನ ವಾರವಷ್ಟೇ ನಾನು ಬಾಗಿಲಾಚೆ ನಿಂತು ಅವರ ಧ್ವನಿಯಲ್ಲಿ ಸೂಟಿ ಸಾರಿದ್ದೆ. ಟ್ಯಾಲಿ ಕಲಿಸುವ ಮೇಡಂ ನಂಬಿ ಮನೆಗೇ ಹೋಗಿದ್ದರು.

“ನನ್ನ ಧ್ವನಿ ಕದ್ದಾಂವಗ ಸರ್ವರ್‌ನ ಧ್ವನಿ ಕದಿಯೂದೇನು ದೊಡ್ಡದು? ಸಂಜೀತನಕ ಎಲ್ಲಾ ಮಷೀನ್ ಏಳಬೇಕು. ಇಲ್ಲಾಂದ್ರ ಕೆಲಸಾ ಬಿಟ್ಟು ನಿಮ್ಮೂರ ಕಟಕೋಳದ ಬಸ್ ಹತ್ತು” ಎಂದು ಕ್ಯಾಬಿನ್ ಸೇರಿದರು.

ನನ್ನ ಅನುಮಾನ ಮೇಡಂ ಮೇಲೆ, ಸೂಟಿಯ ಸೇಡು ತೀರಿಸಿಕೊಂಡಿರಬೇಕೆಂದು. ಅಂದು ಅವರು ನಾನು ಕೇಳದೆಯೇ ಚಹಾ ಕೊಡಿಸಿದ್ದರು. ಅವರು ಹಾಗೆಲ್ಲ ಕೊಡಿಸುವವರಲ್ಲ. ಅವರ ಅನುಮಾನವೂ ನನ್ನ ಮೇಲೆಯೇ ಇತ್ತಂತೆ. ಕುಡಿಸಿ ಬಾಯಿ ಬಿಡಿಸುವ ಲೆಕ್ಕ.

ತಂತಿಯ ಮೇಲಿನ ಮಾತುಗಳನ್ನು ಪರದೆಗೆ ತರಿಸಿದೆ. ಒಂದು ಕೂಗಿಗೆ ಇಬ್ಬರು ಓಗೊಡುತ್ತಿದ್ದರು! ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ ಕೇಳಿದರೆ ಕಂಟ್ರೋಲರ್‌ಗಿಂತ ಮೊದಲು ಟಂಟಂ ಆಟೋದವನು ಓಗೊಟ್ಟು ಕೂರಿಸಿಕೊಳ್ಳುತ್ತಾನಲ್ಲ, ಹಾಗೆ. ಈ ಎರಡನೆಯವನು ವಿಳಾಸವೆಂಬ ಸೀಟು ಕೊಡುತ್ತಿದ್ದ, ಫೈಲೆಂಬ ಊರು ಹೇಳುತ್ತಿರಲಿಲ್ಲ.

ಒಂದೊಂದೇ ಕೇಬಲ್ ಕೀಳುತ್ತ ಹೋದೆ. ಕಿತ್ತಾಗಲೆಲ್ಲ ಒಂದು ಯಂತ್ರ ಎಬ್ಬಿಸಿ ನೋಡುವುದು. ಮೇಡಂ ಪೊಲೀಸರ ಹಾಗೆ ಪಕ್ಕದಲ್ಲೇ ನಿಂತಿದ್ದರು. ಕೊನೆಯ ಸಾಲಿನ ನೀಲಿ ಕೇಬಲ್ ಕಿತ್ತೆ.

“ಯಾಂವಲೇ ಅಂವ, ಮ್ಯಾಚ್ ನಿಲ್ಲಿಸಿದಾಂವ?”

ಮಾಲೀಕರ ಧ್ವನಿ. ಮೇಡಂ ನನ್ನ ತುಟಿಯನ್ನೇ ದಿಟ್ಟಿಸಿದರು.

“ನಾ ಅಲ್ರಿ” ಅಂದೆ.

ಅವರು ನಂಬಲಿಲ್ಲ; ಹೋಗಿ ಕ್ಯಾಬಿನ್ ಬಾಗಿಲು ತೆರೆದರು. ಮಾಲೀಕರು ಮೊಬೈಲ್ ಅಲುಗಾಡಿಸುತ್ತ ಕೂತಿದ್ದರು. ಮೇಜಿನ ಕೆಳಗೆ, ಅದೇ ನೀಲಿ ಕೇಬಲಿನ ತುದಿಗೆ, ಮ್ಯಾಚ್ ನೋಡಲು ಮನೆಯಿಂದ ತಂದಿಟ್ಟ ವೈಫೈ ರೌಟರ್. ಅದೇ ಟಂಟಂನವನು. ಇತ್ತ ಯಂತ್ರಗಳು ಒಂದೊಂದಾಗಿ ಎದ್ದವು.

ಕಟಕೋಳದ ಬಸ್ಸಿನ ಮಾತು ಮತ್ತೆ ಬರಲಿಲ್ಲ. ಆದರೆ ಈಗಲೂ ಮಾಲೀಕರು ಒಳಗಿನಿಂದ ಕರೆದರೆ ಮೇಡಂ ಏಳುವ ಮೊದಲು ನನ್ನ ಬಾಯಿ ನೋಡುತ್ತಾರೆ.