ನಿಕಾನೋರ್ ಪೋಮಾನ ಕೈಗೆ ಕೀಲಿ ಬಂದದ್ದು

ನಿಕಾನೋರ್ ಪೋಮಾನ ಹೆಸರನ್ನು ನಾನು ಮೊದಲು ಕೇಳಿದ್ದು ಗೆಳತಿ ತೆಯೋಫಿಲಾಳ ಸೂಪಿನ ಹಂಡೆಯ ಪಕ್ಕದಲ್ಲಿ. ಬೊಲಿವಿಯಾದ ಎಲ್ ಆಲ್ಟೊದಲ್ಲಿ ಲಾರಿಗಳು ನಿಲ್ಲುವ ಬಯಲಿನ ಮೂಲೆಯಲ್ಲೇ ಅವಳ ಅಂಗಡಿ. ಅಂದು ಆಲಿಕಲ್ಲು ಬಿದ್ದು ನೆಲವೆಲ್ಲ ಬೆಳ್ಳಗಾಗಿತ್ತು. ನನ್ನ ಗಂಡ ಇಲಾರಿಯೊ ತೀರಿಹೋದ ಮೇಲೆ ನಮ್ಮ ಲಾರಿ ಅದೇ ಬಯಲಿನಲ್ಲಿ ಟೈರು ಮೆತ್ತಗಾಗಿ ನಿಂತಿತ್ತು. ಓಡದ ಲಾರಿ ಎಂದರೆ ಮನೆಯಲ್ಲಿ ಕಾಯಿಲೆಯವರು ಮಲಗಿದ ಹಾಗೆ. ಅದನ್ನು ನೋಡದೆ ಆಚೆಗೆ ಹೋಗುವಂತಿಲ್ಲ, ನೋಡಿದರೆ ಮನಸ್ಸು ತಡೆಯುವುದಿಲ್ಲ.

"ಪೋಮಾ ಅಂತ ಒಬ್ಬ ಇದಾನೆ ಕಣೆ ಬಸೀಲಿಯಾ," ಎಂದಳು ತೆಯೋಫಿಲಾ, ಬಟ್ಟಲಿಗೆ ಆಲೂಗಡ್ಡೆ ಹಾಕುತ್ತ. "ಲೈಸೆನ್ಸಿನ ಶಾಯಿ ಇನ್ನೂ ಆರಿಲ್ಲ. ಆದ್ರೆ ಎಲ್ಲೂ ನಿಲ್ಲೋ ಗಿರಾಕಿ ಅಲ್ಲ. ಇಟ್ಟಿಗೆ ಗೂಡಲ್ಲಿದ್ದ, ಬಿಟ್ಟ. ಸಿಮೆಂಟು ಇಳಿಸ್ತಿದ್ದ, ಬಿಟ್ಟ. ಮಿನಿಬಸ್ಸಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗ್ತಿದ್ದ, ಅದನ್ನೂ ಬಿಟ್ಟ. ಇಲ್ಲಿರೋ ಮಾಲೀಕ್ರನ್ನೆಲ್ಲ ಕೇಳಿ ಆಯ್ತು ಪಾಪ, ಒಬ್ಬರೂ ಸ್ಟೇರಿಂಗ್ ಮುಟ್ಟಿಸ್ತಿಲ್ಲ."

"ಕುಡೀತಾನಾ?"

"ಕುಡಿಯದೋರು ಯಾರಿದಾರೆ ಇಲ್ಲಿ, ನಿನ್ ಕೋಳಿಗಳನ್ನ ಬಿಟ್ಟು?"

ಮರುದಿನ ಅವನೇ ಬಂದ. ಇಟ್ಟಿಗೆ ಹೊತ್ತು ಹೊತ್ತು ಒಂದು ಭುಜ ತಗ್ಗಿದ್ದ ಮನುಷ್ಯ. ಕೂರು ಎಂದರೆ ಕೂರಲಿಲ್ಲ. ಅವನಿಗಿಂತ ಮುಂಚೆ ಬಂದವರೆಲ್ಲ ತಮ್ಮನ್ನು ತಾವೇ ಹೊಗಳಿಕೊಂಡು ಹೋಗಿದ್ದರಾದ್ದರಿಂದ ನಾನು ನೇರವಾಗಿ ಕೇಳಿದೆ.

"ಒಂದ್ ಕಡೆ ನಿಲ್ಲಕ್ಕೆ ಏನಪ್ಪಾ ನಿಂಗೆ ಕಷ್ಟ?"

ಹಿರಿಯ ಹೆಂಗಸರನ್ನು ನಮ್ಮಲ್ಲಿ ಕರೆಯುವಂತೆ ದೋನ್ಯಾ ಎಂದೇ ಕರೆದು ಹೇಳಿದ. "ಎಲ್ಲಾ ಕಡೆ ಒಂದೇ ತರ ಆಯ್ತು, ದೋನ್ಯಾ ಬಸೀಲಿಯಾ. ಹೊಸ ಗೂಡು ಹಚ್ತಾರೆ, ಹೊಸ ಬಸ್ಸು ತರ್ತಾರೆ, ಶಾಸ್ತ್ರ ಮಾಡ್ತಾರೆ. ಮಾಲೀಕ್ರೇ ಲೋಟ ತುಂಬಿ ಕೊಟ್ರೆ ಬೇಡ ಅನ್ನೋದು ಹೆಂಗೆ? ಮೊದಲ್ನೇ ಲೋಟ ಅವರಿಗೋಸ್ಕರ ಕುಡೀತೀನಿ. ಎರಡ್ನೇದು ನನಗೋಸ್ಕರ. ಆಮೇಲೆ ಯಾವ ಊರಲ್ಲಿ ಕಣ್ಣು ಬಿಡ್ತೀನೋ ದೇವ್ರಿಗೇ ಗೊತ್ತು. ವಾಪಸ್ ಬರೋ ಹೊತ್ಗೆ ನನ್ ಜಾಗ್ದಲ್ಲಿ ಇನ್ನೊಬ್ಬ. ಈಗ ಬಿಟ್ಟಿದೀನಿ. ಬಿಟ್ಟ ಮೇಲೇನೇ ಲೈಸೆನ್ಸ್ ತಗೊಂಡಿದ್ದು. ಇದೂ ಸಿಗ್ದಿದ್ರೆ ಮತ್ತೆ ಗೂಡು, ಮತ್ತೆ ಅದೇ ಲೋಟ."

ನಾನು ಪಕ್ಕದಲ್ಲಿ ಹತ್ತಿ ಕೂತು ಪಕ್ಕದೂರು ವಿಯಾಚಾದವರೆಗೆ ಓಡಿಸಲು ಹೇಳಿದೆ. ಹೊಸಬನೇ, ಸುಳ್ಳಲ್ಲ. ಗೇರು ಹಾಕಿದಾಗಲೆಲ್ಲ ಲಾರಿ ಹಲ್ಲು ಕಡಿಯುತ್ತಿತ್ತು. ಆದರೆ ಅವನಿಗೆ ಯಾರನ್ನೂ ಹಿಂದೆ ಹಾಕುವ ಆಸೆ ಇರಲಿಲ್ಲ. ದಾರಿಗೆ ಅಡ್ಡ ಬಂದ ಕುರಿಗಳು ದಾಟುವವರೆಗೆ ಹಾರ್ನ್ ಒತ್ತದೆ ಕಾದ. ನನ್ನ ಮನಸ್ಸು ಅಲ್ಲೇ ಒಪ್ಪಿತು, ಕೀಲಿ ಅವನ ಬಳಿಯೇ ಇರಲಿ ಎಂದೆ.

ಒಪ್ಪಬೇಕಾದವರು ಇನ್ನೊಬ್ಬರಿದ್ದರು. ಲಾರಿಯಲ್ಲಿ ಅರ್ಧ ನನ್ನದು, ಅರ್ಧ ಮೈದುನ ರೆಮೀಹಿಯೊನದು. ಶುಕ್ರವಾರ ಘಾಟಿಯಾಚೆಯ ಕಾರನಾವಿಗೆ ತಗಡು ಹೇರಿ ಮೊದಲ ಬಾಡಿಗೆ ಹೊರಡಬೇಕಿತ್ತು. ಹೊಸ ಚಾಲಕ ಕೂರುವ ಮುಂಚೆ ಲಾರಿಗೆ ಕಾಗದದ ಹಾರ ಹಾಕಿ, ಹೂವಿನ ಎಸಳು ಎರಚಿ, ಚಕ್ರಗಳಿಗೆ ಬಿಯರು ಎರೆದೆವು. ಆಮೇಲೆ ಒಂದೇ ಲೋಟ ಎಲ್ಲರ ಕೈ ಸುತ್ತಬೇಕು. ಮೊದಲ ಹನಿ ಪಚಮಾಮಾಗೆ, ನಮ್ಮ ಭೂತಾಯಿಗೆ. ಉಳಿದದ್ದು ಲೋಟ ಹಿಡಿದವನ ಹೊಟ್ಟೆಗೆ. ರೆಮೀಹಿಯೊ ಅದನ್ನು ಅಂಚಿನವರೆಗೆ ತುಂಬಿ ಪೋಮಾನ ಕೈಗಿಟ್ಟ.

ಪೋಮಾನ ಬೆರಳ ಮೇಲೆಲ್ಲ ಮದ್ಯ ತುಳುಕಿತು. ಅವನು ಬಗ್ಗಿ ಮುಂದಿನ ಚಕ್ರದ ಬುಡದಲ್ಲಿ ಅಷ್ಟನ್ನೂ ಸುರಿದು ಖಾಲಿ ಲೋಟ ಹಿಂದಕ್ಕೆ ಚಾಚಿದ.

ರೆಮೀಹಿಯೊ ಕೈ ನೀಡದ್ದರಿಂದ ಲೋಟವನ್ನು ನಾನು ತೆಗೆದುಕೊಂಡೆ.

"ಏನಯ್ಯಾ ಇದು?" ಎಂದ ರೆಮೀಹಿಯೊ. "ಮನೆಗ್ ಬಂದ ತಾಯಿನ ಒಬ್ಬಳೇ ಕುಡಿ ಅಂತ ಬಿಟ್ಟು ಎದ್ದು ಹೋಗ್ತೀಯಾ? ಇಂಥೋನನ್ನ ಅವಳು ಘಾಟಿಯಲ್ಲಿ ಬೀಳದ ಹಾಗೆ ಹಿಡ್ಕೋತಾಳಾ? ನಮ್ಮಣ್ಣ ಒಂದ್ ಸಲಾನಾದ್ರೂ ಹಿಂಗೆ ಮಾಡಿದ್ನಾ? ಕೊಡು ಕೀಲಿ."

ಇಲಾರಿಯೊ ಎಂದೂ ಲೋಟ ಬೇಡವೆಂದವರಲ್ಲ. ಆಸ್ಪತ್ರೆಯಲ್ಲಿ ಕೊನೆಗೆ ಹೊಟ್ಟೆ ಊದಿಕೊಂಡು, ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿ ಮಲಗಿದ್ದಾಗಲೂ ನೋಡಲು ಬಂದವರು ಅಂಗಿಯೊಳಗೆ ಬಾಟಲಿ ಅಡಗಿಸಿ ತಂದಿದ್ದರು, ಪ್ರೀತಿಯಿಂದಲೇ. ಆ ಪ್ರೀತಿ ನನಗೆ ಸಾಕುಸಾಕಾಗಿತ್ತು.

ಪೋಮಾ ಕೀಲಿ ಕೊಟ್ಟು ತನ್ನ ಕಂಬಳಿಯ ಗಂಟು ಎತ್ತಿಕೊಂಡ.

"ರೆಮೀಹಿಯೊ," ಎಂದೆ, "ಲಾರೀಲಿ ನಂದು ಎಷ್ಟು?"

"ಅರ್ಧ, ಅತ್ತಿಗೆ. ಈಗ್ಯಾಕೆ ಅದು?"

"ಮುಂದಿನರ್ಧ ನಂದು. ಸ್ಟೇರಿಂಗ್ ಮುಂದಿದೆ. ಹಿಂದಿನರ್ಧಕ್ಕೆ ನೀನು ಯಾರನ್ನ ಬೇಕಾದ್ರೂ ಇಟ್ಕೊಂಡು ಓಡ್ಸು."

ತೆಯೋಫಿಲಾ ಸೌಟು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. "ಹತ್ತೋ ರೆಮೀಹಿಯೊ, ತಗಡಿನ ಮೇಲೆ ಕೂತು ಹಾರ್ನ್ ಹೊಡಿ!"

"ತಾಯಿ ಒಬ್ಬಳೇ ಆದ್ಲು ಅಂದ್ಯಲ್ಲ," ಎಂದು ಲೋಟ ಅವನ ಮುಂದೆ ಹಿಡಿದೆ. "ತುಂಬು. ಅವಳ ಜೊತೆ ನಾನು ಕೂತ್ಕೋತೀನಿ. ಗಾಡಿ ಓಡ್ಸೋನು ಗಾಡಿ ಓಡಿಸ್ಲಿ."

ನಾನು ಕುಡಿದೆ, ಗಂಟಲು ಉರಿಯಿತು. ರೆಮೀಹಿಯೊ ಗೊಣಗುತ್ತಲೇ ಕೀಲಿ ಕೊಟ್ಟ. ಪೋಮಾ ಹೊರಟ.

ವರ್ಷಗಟ್ಟಲೆ ಓಡಿಸಿದ. ಯಾವಾಗಲೂ ನೆಟ್ಟಗಿದ್ದ ಎಂದು ನಾನು ಹೇಳುವುದಿಲ್ಲ. ಎರಡನೆಯ ವರ್ಷ, ಸತ್ತವರ ಹಬ್ಬದಂದು, ಅವನ ಹೆತ್ತ ತಾಯಿಯ ಗೋರಿಯ ಬಳಿ ಯಾರೋ ಲೋಟ ಕೊಟ್ಟರು, ಕಾಣೆಯಾದ. ಲಾರಿ ಮಾತ್ರ ಬಯಲಲ್ಲೇ ಇತ್ತು. ಗೋರಿಗೆ ಹೋಗುವ ಮುಂಚೆಯೇ ಕೀಲಿಯನ್ನು ತೆಯೋಫಿಲಾಳ ಕೈಗೆ ಕೊಟ್ಟು, "ಇವತ್ತು ನನ್ ಹತ್ರ ಇರೋದು ಬೇಡ," ಎಂದಿದ್ದನಂತೆ. ರೆಮೀಹಿಯೊ ಬೆಳಗ್ಗೆ ಸಂಜೆ ಬಂದು "ಹೇಳಿರ್ಲಿಲ್ವಾ ಅತ್ತಿಗೆ?" ಎಂದು ಕೇಳಿ ಹೋಗುತ್ತಿದ್ದ. ನಾನು ಇನ್ನೊಬ್ಬನನ್ನು ಇಡಲಿಲ್ಲ. ಕೊನೆಗೆ ಪೋಮಾ ಕೆನ್ನೆ ಒಳಗೆ ಹೋಗಿ, ಹರಿದ ಅಂಗಿಯಲ್ಲಿ ಬಾಗಿಲಿಗೆ ಬಂದು ನಿಂತ.

"ನನ್ ಜಾಗ್ದಲ್ಲಿ ಯಾರಿದಾರೆ?" ಎಂದ.

"ಯಾರೂ ಇಲ್ಲ. ಬಾಗ್ಲಲ್ಲಿ ನಿಂತು ಮನೆಗೆಲ್ಲ ಚಳಿ ತುಂಬಬೇಡ, ಒಳಗ್ ಬಾ."

ಅವನು ಕೂತು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಕೊನೆಗೆ ಲಾರಿಯೂ ಮುದಿಯಾಯಿತು, ನಾನೂ ಆದೆ. ಮಾರಿದೆವು. ಪೋಮಾ ಗಡಿಯಾಚೆ ಆರಿಕಾ ಬಂದರಿಗೆ ಸರಕು ಒಯ್ಯುವ ಒಂದು ಕಂಪನಿಗೆ ಕೆಲಸ ಕೇಳಿಕೊಂಡು ಹೋದ. ಹಿಂದೆ ದುಡಿದ ಕಡೆ ವಿಚಾರಿಸದೆ ಅವರು ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಅವರ ಕಡೆಯವನು ನನ್ನನ್ನು ಕಾಣಲು ಬರುತ್ತಾನೆಂದು ಹೇಳಲು ಪೋಮಾ ಮನೆಗೆ ಬಂದ.

"ಬರ್ಲಿ ಬಿಡು," ಎಂದೆ. "ಒಂದ್ ದಿನಾನೂ ತಪ್ಪಿಸಿದೋನಲ್ಲ ಅಂತೀನಿ. ಇಂಥೋನು ಬೊಲಿವಿಯಾದಲ್ಲೇ ಇಲ್ಲ ಅಂತೀನಿ."

ಅವನು ನಗಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಬೇಡ, ದೋನ್ಯಾ. ಅಲ್ಲೂ ಶಾಸ್ತ್ರ ಮಾಡ್ತಾರೆ, ಅಲ್ಲೂ ಲೋಟ ಬರುತ್ತೆ. ನನ್ ವಿಷ್ಯ ಗೊತ್ತಿಲ್ದೇ ಲೋಟ ಕೊಡೋರ ಎದುರು ನಂಗೆ ಮತ್ತೆ ನಿಲ್ಲಕ್ಕಾಗಲ್ಲ. ಆ ಹಬ್ಬದಲ್ಲಿ ಕುಡ್ದು ಓಡಿ ಹೋದ ಅಂತ ಹೇಳ್ಬಿಡಿ. ಮೊದ್ಲು ಅದನ್ನೇ ಹೇಳಿ."